ಪಟ್ಟಿ ಬೇಡ, ಒಂದು ದೃಶ್ಯ ಹೇಳಿ

ಸಾಗರದ ಪೇಟೆಯಲ್ಲಿ ನಮ್ಮದೊಂದು ಸ್ಟೇಷನರಿ ಅಂಗಡಿ. ಅದರ ಮಾಳಿಗೆಯಲ್ಲಿ ತಿಂಗಳ ಕೊನೆಯ ಶನಿವಾರ ಒಂದಷ್ಟು ಜನ ಸೇರುತ್ತೇವೆ. ಯಾರಾದರೊಬ್ಬರಿಗೆ ಬಹಳ ಇಷ್ಟವಾದ ಸಿನಿಮಾ ನೋಡುತ್ತೇವೆ, ಆಮೇಲೆ ಮಾತಾಡುತ್ತೇವೆ. ಬರುವವರಲ್ಲಿ ಅಡಿಕೆ ಮಂಡಿಯ ಗುಮಾಸ್ತರಿದ್ದಾರೆ, ರಿಟೈರಾದ ಮೇಷ್ಟ್ರುಗಳಿದ್ದಾರೆ, ಆಸ್ಪತ್ರೆಯ ನರ್ಸ್ ಒಬ್ಬರು, ಟೈಲರ್ ಒಬ್ಬರು, ಡಿಗ್ರಿ ಓದುವ ಹುಡುಗ ಹುಡುಗಿಯರು. ಇದೇನೂ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಮ್ ಚಿತ್ರಸಮಾಜ ಕಟ್ಟಿ ಕುರೊಸಾವ, ಡಿ ಸಿಕಾ, ಸತ್ಯಜಿತ್ ರಾಯ್ ಅವರನ್ನು ಅಡಿಕೆ ತೋಟದವರಿಗೆ ಪರಿಚಯಿಸಿದ್ದರು. ನಮ್ಮಲ್ಲಿ ಬರುವ ಹಿರಿಯರಲ್ಲಿ ಕೆಲವರು 'ಬೈಸಿಕಲ್ ಥೀವ್ಸ್' ಮೊದಲು ಕಂಡದ್ದು ಅಲ್ಲೇ, ಚಾಪೆಯ ಮೇಲೆ ಕೂತು.

ಇಷ್ಟದ ಸಿನಿಮಾದ ಬಗ್ಗೆ ಮಾತಾಡುವುದಕ್ಕೆ ಪಾಠ ಯಾಕೆ ಬೇಕು ಎಂದು ಕೇಳುವವರು, ತಮ್ಮ ಪ್ರಾಣಪ್ರಿಯ ಸಿನಿಮಾವನ್ನು ಮಾಳಿಗೆ ತುಂಬ ಕೂತ ಜನರಿಗೆ ತೋರಿಸಿ, ದೀಪ ಹಾಕಿದ ಮೇಲಿನ ಮೊದಲ ಎರಡು ನಿಮಿಷ ತಡೆದುಕೊಂಡು ನೋಡಲಿ. ಬೇರೆ ಊರುಗಳಲ್ಲಿ ಇಂಥದ್ದೊಂದು ಕೂಟ ಶುರುಮಾಡಬೇಕೆಂದು ವಿಚಾರಿಸುವವರಿಗಾಗಿ, ನಡೆಸುತ್ತಾ ಕಂಡದ್ದನ್ನು ಬರೆದಿದ್ದೇನೆ.

1. 'ಸಾರ್ವಕಾಲಿಕ ಹತ್ತು' ಕೇಳಬೇಡಿ

ಕೇಳಿದರೆ ಬರುವ ಉತ್ತರ ನನಗೆ ಬಾಯಿಪಾಠ. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ಪಥೇರ್ ಪಾಂಚಾಲಿ', ಜೊತೆಗೊಂದು ಇರಾನಿನ ಸಿನಿಮಾ. ಎಲ್ಲವೂ ಒಳ್ಳೆಯವೇ, ತಕರಾರಿಲ್ಲ. ಆದರೆ ಅದು ಸಭೆಗೆಂದು ಹಾಕಿಕೊಂಡು ಬಂದ ಇಸ್ತ್ರಿ ಅಂಗಿಯಂಥ ಪಟ್ಟಿ. ಹಾಗೆ ಪಟ್ಟಿ ಕೊಟ್ಟ ಮನುಷ್ಯ ಕೆಳಗಿಳಿದು ಚಾ ಕುಡಿಯುವಾಗ 'ಮುಂಗಾರು ಮಳೆ'ಯ ಮೊಲದ ಬಗ್ಗೆ ಕಣ್ಣರಳಿಸಿ ಮಾತಾಡುತ್ತಾನೆ. ಅದರಲ್ಲಿ ನಮ್ಮ ಜೋಗ ಬಂದಾಗ ಥಿಯೇಟರಿನಲ್ಲಿ ಎದ್ದ ಶಿಳ್ಳೆಯನ್ನೂ ನೆನೆಯುತ್ತಾನೆ. ಆ ಮಾತು ಮೇಲೆ ಮಾಳಿಗೆಯಲ್ಲಿ ಬರಲಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ದೊಡ್ಡವರ ಪಟ್ಟಿಗಳೂ ನಿಂತ ನೀರಲ್ಲ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತಿದೆ. ಮೊದಲ ಸಲ 'ಬೈಸಿಕಲ್ ಥೀವ್ಸ್' ಮೇಲಿತ್ತು. 1962ರಿಂದ 2002ರವರೆಗೆ ಪ್ರತಿ ಸಲವೂ 'ಸಿಟಿಜನ್ ಕೇನ್'. 2012ರಲ್ಲಿ ಹಿಚ್‌ಕಾಕ್‌ನ 'ವರ್ಟಿಗೊ' ಅದನ್ನು ಕೆಳಗಿಳಿಸಿತು. 2022ರಲ್ಲಿ ಶಾಂತಾಲ್ ಅಕರ್ಮನ್ 1975ರಲ್ಲಿ ಮಾಡಿದ 'ಝಾನ್ ದೀಲ್ಮಾನ್' ಮೇಲೆ ಬಂತು. ವಿಧವೆಯೊಬ್ಬಳು ಆಲೂಗಡ್ಡೆ ಸುಲಿಯುವುದು, ಹಾಸಿಗೆ ಸರಿಮಾಡುವುದು, ಪಾತ್ರೆ ತೊಳೆಯುವುದನ್ನು ಮೂರು ಗಂಟೆಗೂ ಮಿಕ್ಕಿ ತೋರಿಸುವ ಸಿನಿಮಾ ಅದು. ಹೊಸಬರಿಗೆ ಏನೇನು ನೋಡಬೇಕೆಂದು ತಿಳಿಯಲು ಇಂಥ ಪಟ್ಟಿ ಬೇಕು. ನಮ್ಮ ಮಾಳಿಗೆಯಲ್ಲಿ ಮಾತ್ರ ಪಟ್ಟಿ ಓದಿ ಮುಗಿದೊಡನೆ ಮಾತೂ ಮುಗಿಯುತ್ತದೆ.

ಈಗ ನಾವು ಕೇಳುವುದು ಒಂದೇ: ಯಾವ ಸಿನಿಮಾದ ಯಾವ ದೃಶ್ಯ ನಿಮ್ಮನ್ನು ಇನ್ನೂ ಬಿಟ್ಟಿಲ್ಲ? ಮೊದಲ ಸಲ ಹೀಗೆ ಕೇಳಿದಾಗ, ಅಲ್ಲಿಯತನಕ ಬಾಯಿ ಬಿಡದಿದ್ದ ಮಂಡಿಯ ಗುಮಾಸ್ತರು 'ಬಂಗಾರದ ಮನುಷ್ಯ'ದ ಕೊನೆಯನ್ನು ಹೇಳಿದರು. ತಾನು ಸಾಕಿ ಬೆಳೆಸಿದ ಹುಡುಗನ ಮಾತು ಕೇಳಿದ ರಾಜೀವ ಊಟದ ನಡುವೆ ಎದ್ದು, ಯಾರಿಗೂ ಹೇಳದೆ ಮನೆ ಬಿಟ್ಟು ಹೋಗುತ್ತಾನಲ್ಲ, ಅದು. 1972ರ ಸಿನಿಮಾ, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದು. ಅದನ್ನು ನೋಡಿ ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದವರ ಕಥೆಗಳನ್ನು ಎಲ್ಲರೂ ಕೇಳಿದ್ದೇವೆ. ಗುಮಾಸ್ತರಿಗೆ ಬೇಸಾಯ ಮುಖ್ಯವಾಗಿರಲಿಲ್ಲ, ಅರ್ಧಕ್ಕೆ ಬಿಟ್ಟ ಎಲೆ ಮುಖ್ಯವಾಗಿತ್ತು. ಅವರ ಮನೆಯಲ್ಲೂ ತೋಟ ಪಾಲಾಗಿದೆ.

ಹಿಂದಿನ ಸಾಲಿನಲ್ಲಿದ್ದ ಬಿ.ಎ. ಹುಡುಗಿಯೊಬ್ಬಳು, "ಮಾವ, ಅವನು ಹಾಗೆ ಹೇಳದೆ ಕೇಳದೆ ಹೋಗಿದ್ದು ದೊಡ್ಡತನವೋ ಸೇಡೋ? ಉಳಿದವರೆಲ್ಲ ಸಾಯೋತನಕ ಕೊರಗಬೇಕಲ್ಲ" ಎಂದಳು. ಆ ಸಂಜೆ ಮಾತು ನಿಲ್ಲಲಿಲ್ಲ. ರಾಜಕುಮಾರ್ ಸಿನಿಮಾದ ಬಗ್ಗೆ ಹೀಗೆಲ್ಲ ಕೇಳಬಹುದು ಎಂದು ಹಿರಿಯರಿಗೆ ಹೊಳೆದಿರಲಿಲ್ಲ. ಅದು ಹೀಗೆ ಎದೆಗೆ ತಾಗೀತು ಎಂದು ಕಿರಿಯರಿಗೂ.

2. ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ತೆರೆಯ ಮೇಲೆ ಹಾಕಿ

ಎಲ್ಲ ಪಾಠಗಳಲ್ಲಿ ಇದೊಂದನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಯಾರಾದರೂ ದೃಶ್ಯವೊಂದನ್ನು ಆರಿಸಿದರೆ, ತೆರೆ ಖಾಲಿ ಇರುವಾಗಲೇ ನೆನಪಿನಿಂದ ವಿವರಿಸಲು ಹೇಳುತ್ತೇವೆ. ಯಾರು ಎಲ್ಲಿ ನಿಂತಿದ್ದರು, ಹಗಲೋ ರಾತ್ರಿಯೋ, ಏನು ಕೇಳಿಸುತ್ತಿತ್ತು. ಉಳಿದವರು ತಿದ್ದಬಹುದು. ಜಗಳವಾದರೆ ಇನ್ನೂ ಒಳ್ಳೆಯದು. ಆಮೇಲೆ ಆ ದೃಶ್ಯ ಹಾಕುತ್ತೇವೆ.

'ಪಥೇರ್ ಪಾಂಚಾಲಿ'ಯಲ್ಲಿ ಹರಿಹರ ಎಷ್ಟೋ ತಿಂಗಳ ಮೇಲೆ ಊರಿಗೆ ಮರಳುತ್ತಾನೆ. ಬಿರುಗಾಳಿಗೆ ಮನೆ ಮುರಿದುಬಿದ್ದಿದೆ. ಮಗಳು ದುರ್ಗಾ ತೀರಿಕೊಂಡದ್ದು ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತಾ, ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಸರ್ವಜಯಾ ಅಲ್ಲಿಯವರೆಗೆ ಹಿಡಿದಿಟ್ಟಿದ್ದು ಒಡೆಯುತ್ತದೆ. ಈ ದೃಶ್ಯವನ್ನು ತಂದವರು ನಮ್ಮ ಕನ್ನಡ ಮೇಷ್ಟ್ರು. ಹೆಗ್ಗೋಡಿನಲ್ಲಿ ನೋಡಿದ್ದು, ಆ ತಾಯಿಯ ಅಳು ಇವತ್ತಿಗೂ ಕಿವಿಯಲ್ಲಿದೆ ಎಂದರು. ಸಿನಿಮಾ ನೋಡಿದ್ದ ಇನ್ನೂ ಕೆಲವರು ಹೂಂಗುಟ್ಟಿದರು. ಒಬ್ಬರಂತೂ ಆ ಅಳು ಹೇಗೆ ಶುರುವಾಗಿ ಹೇಗೆ ಏರಿತು ಎಂದು ಕೈಯಲ್ಲೇ ತೋರಿಸಿದರು.

ದೃಶ್ಯ ಹಾಕಿದೆವು. ಸರ್ವಜಯಾಳ ಅಳು ಅಲ್ಲಿ ಇಲ್ಲವೇ ಇಲ್ಲ. ಬಾಯಿ ತೆರೆದಿದೆ, ಮೈ ಕುಸಿಯುತ್ತಿದೆ. ಕೇಳಿಸುವುದು ತಾರ್ ಶಹನಾಯಿಯ ಎತ್ತರದ ಸ್ವರ. ರಾಯ್ ನಟಿಯ ದನಿಯನ್ನು ತೆಗೆದು ಆ ಜಾಗದಲ್ಲಿ ವಾದ್ಯವನ್ನು ಇಟ್ಟಿದ್ದಾರೆ. ಮೇಷ್ಟ್ರು ಮತ್ತೊಮ್ಮೆ ಹಾಕಿಸಿದರು, ಮಗದೊಮ್ಮೆ ಹಾಕಿಸಿದರು. ಇಷ್ಟು ವರ್ಷ ಅವರ ಕಿವಿಯಲ್ಲಿದ್ದ ಅಳು ಹಾಗಾದರೆ ಯಾರದು? ಮುಂದಿನ ಒಂದು ಗಂಟೆ ನಾವು ಮಾತಾಡಿದ್ದು ಅದನ್ನೇ. ದನಿ ಇದ್ದಿದ್ದರೆ ಅದು ಆ ನಟಿಯ ಅಳು ಆಗುತ್ತಿತ್ತು, ಇಲ್ಲದ್ದಕ್ಕೇ ನಾವು ನಮ್ಮ ನಮ್ಮ ಮನೆಯ ಅಳುವನ್ನು ತುಂಬಿಕೊಂಡೆವು ಎಂದರು ನರ್ಸ್ ಅಕ್ಕ. ಟೈಲರ್ ಅಣ್ಣನಿಗೆ ಅದು ಒಪ್ಪಿಗೆಯಾಗಲಿಲ್ಲ. ವಾದ್ಯವೇ ಮನುಷ್ಯರ ಹಾಗೆ ಅಳುತ್ತಿದೆ, ನೆನಪು ಮೋಸ ಮಾಡಿಲ್ಲ ಎಂಬುದು ಅವರ ವಾದ. ಸಿನಿಮಾದ ಸದ್ದಿನ ಬಗ್ಗೆ ನಾನು ಉಪನ್ಯಾಸ ಏರ್ಪಡಿಸಿದ್ದರೆ ಇದರ ಕಾಲು ಭಾಗದಷ್ಟೂ ಮಾತು ಹುಟ್ಟುತ್ತಿರಲಿಲ್ಲ.

3. ಕಥೆ ಹೇಳುವವರನ್ನು ನಿಲ್ಲಿಸಿ

ಎಲ್ಲರೂ ಒಟ್ಟಿಗೆ ಕೂತು ನೋಡಿದ ಮೇಲೂ ಕಥೆಯನ್ನು ಮೊದಲಿನಿಂದ ಹೇಳುವವರೊಬ್ಬರು ಪ್ರತಿ ಕೂಟದಲ್ಲೂ ಇರುತ್ತಾರೆ. ಬೈಯಬೇಡಿ. ನಮ್ಮಲ್ಲಿ ಅವರ ಪಕ್ಕದಲ್ಲಿ ಟೈಲರ್ ಅಣ್ಣ ಕೂರುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು "ಇಂಟರ್ವಲ್ ಆತು ಮೇಷ್ಟ್ರೇ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಕಥೆ ನಿಲ್ಲುತ್ತದೆ.

4. ಸಿನಿಮಾ ತಂದವರು ಕೊನೆಗೆ ಮಾತಾಡಲಿ

ನಮ್ಮ ಮಲೆನಾಡಿನವರಿಗೆ ದಾಕ್ಷಿಣ್ಯ ಜಾಸ್ತಿ. ಇದು ನನ್ನ ಜೀವನದ ಸಿನಿಮಾ ಎಂದು ಯಾರಾದರೂ ಮೊದಲೇ ಹೇಳಿಬಿಟ್ಟರೆ, ಆಕಳಿಸುತ್ತಾ ನೋಡಿದವರೂ "ಬಹಳ ಚಲೋ ಇತ್ತು" ಎಂದು ಎದ್ದು ಹೋಗುತ್ತಾರೆ. ಹಾಗಾಗಿ ತಂದವರು ಸುಮ್ಮನಿರಬೇಕು. ಕಷ್ಟದ ಕೆಲಸ ಅದು.

ಮಂಡ್ಯ ಕಡೆಯಿಂದ ಇಲ್ಲಿಗೆ ಬಂದು ಓದುತ್ತಿದ್ದ ಹುಡುಗನೊಬ್ಬ 'ತಿಥಿ' ತಂದಿದ್ದ. ರಾಮ್ ರೆಡ್ಡಿ ನಿರ್ದೇಶನದ್ದು, ಈರೇಗೌಡರು ಜೊತೆಗೂಡಿ ಬರೆದದ್ದು, ಮಂಡ್ಯದ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದದ್ದು. ದೀಪ ಹಾಕಿದ ಕೂಡಲೇ ಹಿರಿಯರೊಬ್ಬರು, "ಸಿನಿಮಾ ಶುರುವಾಗ್ತದೆ ಅಂತ ಕಾಯ್ತಾ ಇದ್ದೆ, ಮುಗಿದೇ ಹೋಯ್ತಲ್ಲ ಮಾರಾಯಾ" ಎಂದರು. ಹುಡುಗನ ಮುಖ ಸಣ್ಣಗಾಯಿತು, ಆದರೆ ಬಾಯಿ ತೆರೆಯಲಿಲ್ಲ. ಆಮೇಲೆ ನರ್ಸ್ ಅಕ್ಕ ಗಡ್ಡಪ್ಪ ನಡೆಯುವ ರೀತಿಯ ಬಗ್ಗೆ ಮಾತು ತೆಗೆದರು. ಅಪ್ಪ ಸತ್ತಿದ್ದಾನೆ, ಮಗ ಜಮೀನಿಗಾಗಿ ಒದ್ದಾಡುತ್ತಿದ್ದಾನೆ, ಈತ ಮಾತ್ರ ಬ್ರಾಂದಿ ಕುಡಿಯುತ್ತಾ ನಡೆಯುತ್ತಲೇ ಇರುತ್ತಾನೆ. ಕುರುಬರ ಬೆಂಕಿಯ ಮುಂದೆ ಅವನು ತನ್ನ ಕಥೆ ಹೇಳಿಕೊಂಡ ಮೇಲಷ್ಟೇ ಅವನು ಯಾಕೆ ನಿಲ್ಲುವುದಿಲ್ಲ ಎಂದು ತಿಳಿಯಿತು ಎಂದರು. ಸಿನಿಮಾ ಶುರುವಾಗಲಿಲ್ಲ ಎಂದವರು ಆ ಬೆಂಕಿಯ ದೃಶ್ಯವನ್ನು ಮತ್ತೆ ಹಾಕಿ ಎಂದರು. ಹುಡುಗನ ಸರದಿ ಬಂದಾಗ ಅವನು ಹೇಳಿದ್ದು ಇಷ್ಟೇ: "ನಮ್ಮೂರ ಮಾತನ್ನ ತಮಾಷೆಗೆ ಅಲ್ಲದೆ ಮಾತಿನ ಹಂಗೇ ಕೇಳಿದ್ದು ಈ ಪಿಕ್ಚರಲ್ಲೇ."

5. 'ಆ ಕಾಲದಲ್ಲಿ ಹಾಗಿತ್ತು' ಎನ್ನುವಂತಿಲ್ಲ, 'ಈಗ ನೋಡಿದರೆ ತಪ್ಪು' ಎಂದೂ

ಎರಡೂ ಬಾಗಿಲು ಹಾಕುವ ಮಾತುಗಳು. ನಮ್ಮಲ್ಲಿ ಈ ನಿಯಮ ಬಂದದ್ದು 'ನಾಗರಹಾವು' ನೋಡಿದ ಸಂಜೆ. ತ.ರಾ.ಸು. ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಸಿನಿಮಾ, ವಿಷ್ಣುವರ್ಧನ್ ರಾಮಾಚಾರಿಯಾಗಿ ಮನೆಮಾತಾದದ್ದು ಅದರಿಂದಲೇ. ಐವತ್ತು ದಾಟಿದವರಿಗೆಲ್ಲ ಕೆ.ಎಸ್. ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರು ಎಂದರೆ ಕಣ್ಣಲ್ಲಿ ನೀರು. ಹುಡುಗರು ಕೇಳಿದ್ದೇ ಬೇರೆ. ಅಲಮೇಲುವನ್ನು ಬಿಟ್ಟುಕೊಡು ಎಂದವರು ಯಾರು? ಆಮೇಲೆ ಅವಳ ಗತಿ ಏನಾಯಿತು? ಮಾರ್ಗರೆಟ್ ವಿಷಯದಲ್ಲಿ ಮತ್ತೆ ಅಡ್ಡ ನಿಂತವರು ಯಾರು? ಇಷ್ಟಾದ ಮೇಲೂ ಅವರು ಒಳ್ಳೆಯ ಮೇಷ್ಟ್ರೇ?

ರಿಟೈರಾದ ಮೇಷ್ಟ್ರುಗಳು ತುಂಬಿದ ಮಾಳಿಗೆಯಲ್ಲಿ ಇಂಥ ಪ್ರಶ್ನೆ! ಆ ಕಾಲದಲ್ಲಿ ಹಾಗಿತ್ತು ಎಂದು ಒಬ್ಬರು, ಈಗಿನ ಹುಡುಗರಿಗೆ ಗುರುಗಳೆಂದರೇನು ಗೊತ್ತು ಎಂದು ಇನ್ನೊಬ್ಬರು. ಹುಡುಗರು ಫೋನು ತೆಗೆದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಣಿತದ ಮೇಷ್ಟ್ರೊಬ್ಬರು ನಿಧಾನವಾಗಿ, ಪುಟ್ಟಣ್ಣನಿಗೆ ಇದು ಗೊತ್ತಿರಲಿಲ್ಲ ಅಂತ ಯಾಕೆ ಅಂದುಕೊಳ್ಳಬೇಕು ಎಂದರು. ಅಲಮೇಲುವನ್ನು ಅಂಥ ಸ್ಥಿತಿಯಲ್ಲಿ ರಾಮಾಚಾರಿಯ ಎದುರು ತಂದು ನಿಲ್ಲಿಸಿದ್ದು ನಿರ್ದೇಶಕರೇ ತಾನೆ? ಚಾಮಯ್ಯನವರ ಮಾತಿನ ಬೆಲೆ ಏನೆಂದು ತೋರಿಸಲಿಕ್ಕಲ್ಲದೆ ಮತ್ಯಾಕೆ? ಹಾಗಾದರೆ ನಾವು ಇಷ್ಟು ವರ್ಷ ಅತ್ತದ್ದು ಯಾರಿಗಾಗಿ? ಚಿತ್ರದುರ್ಗದ ಬೆಟ್ಟದ ಮೇಲಿನ ಕೊನೆಯ ದೃಶ್ಯವನ್ನು ಆ ಪ್ರಶ್ನೆ ಇಟ್ಟುಕೊಂಡು ಮತ್ತೆ ನೋಡಿದೆವು. ಕೆಲವರು ಮನಸ್ಸು ಬದಲಿಸಿದರು. ಬದಲಿಸದವರು ಚಾಮಯ್ಯನವರ ಮೇಲಿನ ಪ್ರೀತಿ ಬಿಡದೆಯೇ ಅವರ ತಪ್ಪನ್ನು ಒಪ್ಪಿಕೊಂಡರು. ನನ್ನ ಕೇಳಿದರೆ ಆ ಎರಡನೆಯವರೇ ಸಿನಿಮಾವನ್ನು ಹೆಚ್ಚು ಸರಿಯಾಗಿ ನೋಡಿದವರು.

6. ನೋಡಿದ್ದು ಯಾವ ಪ್ರತಿ ಎಂದು ಕೇಳಿ

ಅರ್ಧ ಜಗಳಗಳು ಇದರಿಂದಲೇ. 1971ರ 'ಕಸ್ತೂರಿ ನಿವಾಸ' ಕಪ್ಪುಬಿಳುಪಿನದು. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಬಿಡುಗಡೆ ಮಾಡಿದರು. ಎರಡನ್ನು ನೋಡಿದವರ ನೆನಪು ಎರಡು ಥರ. ಅತಿಥಿಯಾಗಿ ಬಂದವಳ ಊಟಕ್ಕಾಗಿ ಪಾರಿವಾಳ ಮಾರಿದವನ ಬಳಿ, ಅವಳು ಕೇಳಲು ಬಂದದ್ದೇ ಆ ಪಾರಿವಾಳವನ್ನು ಎಂದು ತಿಳಿಯುವ ಘಳಿಗೆ ನನಗೆ ಕಪ್ಪುಬಿಳುಪಿನಲ್ಲೇ ಬೇಕು. ಇದು ಹಟ ಎಂದರೆ ಹೌದು. ಬಣ್ಣದಲ್ಲೇ ಮೊದಲು ನೋಡಿದ ಹುಡುಗರಿಗೆ ಅದೇನೂ ಕಡಿಮೆ ತಾಗಿಲ್ಲ.

'ಘಟಶ್ರಾದ್ಧ'ದ ಮಾತು ಬೇರೆ. ಕಾಸರವಳ್ಳಿಯವರ 1977ರ ಆ ಚಿತ್ರವನ್ನು ನಮ್ಮಲ್ಲಿ ಬಹಳ ಜನ ಮಸುಕು ಪ್ರತಿಯಲ್ಲಿ ನೋಡಿ, ಎಲ್ಲ ಕತ್ತಲೆ ಎಂದು ತೀರ್ಮಾನಿಸಿದ್ದರು. ಆ ಕತ್ತಲೆಯಲ್ಲಿ ಎಷ್ಟು ಎಸ್. ರಾಮಚಂದ್ರ ಅವರ ಕ್ಯಾಮೆರಾದ್ದು, ಎಷ್ಟು ಸವೆದ ಪ್ರತಿಯದು ಎಂದು ಹೇಳುವುದು ಹೇಗೆ? ಅದನ್ನೀಗ ಸಂರಕ್ಷಿಸಿ ಹೊಸದಾಗಿಸಿದ್ದಾರೆ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಹೀಗೆ ಮರುಜೀವ ಪಡೆದವು ಕೆಲವೇ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಉಳಿದಿಲ್ಲ. ಇಷ್ಟ, ಇಷ್ಟವಿಲ್ಲ ಎನ್ನಲೂ ಏನಾದರೂ ಉಳಿದಿರಬೇಕಲ್ಲ.

ಇಲ್ಲೇ ಇನ್ನೆರಡು ಮಾತು. ದುಡ್ಡಿದ್ದರೆ ಮೊದಲು ಒಳ್ಳೆಯ ಸ್ಪೀಕರ್ ತನ್ನಿ, ಆಮೇಲೆ ಪ್ರೊಜೆಕ್ಟರ್. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮತ್ತೆ, ಮನೆಮಂದಿಯಾಚೆಗೆ ತೋರಿಸುವಾಗ ಹಕ್ಕುದಾರರನ್ನು ಕೇಳಿಯೇ ತೋರಿಸಿ. ಕೇಳಿದರೆ ಸಂತೋಷದಿಂದ ಒಪ್ಪುವವರೇ ಹೆಚ್ಚು ಎಂಬುದು ನನ್ನ ಅನುಭವ.

7. ಸಿನಿಮಾ ನಿಮ್ಮೂರಿನದೇ ಆದರೆ ಮೇಲಿನ ನಿಯಮಗಳನ್ನು ಪಕ್ಕಕ್ಕಿಡಿ

'ದ್ವೀಪ' ಹಾಕಿದ ಸಂಜೆ ದೃಶ್ಯ ಹೇಳಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದನ್ನು ಬರೆದ ನಾ. ಡಿಸೋಜ ಸಾಗರದವರು, ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿದರು. ಸೌಂದರ್ಯ ತಾವೇ ನಿರ್ಮಿಸಿ ನಾಗಿಯ ಪಾತ್ರ ಮಾಡಿದರು. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಮಾಳಿಗೆಯಲ್ಲಿ ಆ ದಿನ ತುಮರಿ ಕಡೆಯಿಂದ ಬಂದವರಿದ್ದರು, ಲಿಂಗನಮಕ್ಕಿಯ ನೀರು ಏರಿದಾಗ ಮನೆ ಮಠ ಬಿಟ್ಟು ಎದ್ದವರ ಮಕ್ಕಳು ಮೊಮ್ಮಕ್ಕಳಿದ್ದರು. ಅಣೆಕಟ್ಟು 1964ರಲ್ಲಿ ಮುಗಿದದ್ದು. ಅದನ್ನು ಕಣ್ಣಾರೆ ಕಂಡ ಅಜ್ಜಿಯೊಬ್ಬರೂ ಮೊಮ್ಮಗನ ಕೈಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರು.

ಸಿನಿಮಾ ಮುಗಿದ ಮೇಲೆ ಸಿನಿಮಾದ ಬಗ್ಗೆ ಒಂದು ಮಾತೂ ಇಲ್ಲ. ಯಾವ ಊರು ಮೊದಲು ಮುಳುಗಿತು, ಯಾರ ಮನೆಯ ತೊಲೆ ಯಾವ ಊರಿಗೆ ಹೋಯಿತು, ಹಕ್ಕುಪತ್ರ ಇನ್ನೂ ಸಿಗದವರು ಎಷ್ಟು ಮಂದಿ, ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದಾಗ ನೋಡಲು ಹೋದದ್ದು. ಸಿನಿಮಾದಲ್ಲಿ ಮಳೆಯ ಸದ್ದು ಜಾಸ್ತಿಯಾಯಿತು, ಹಿನ್ನೀರು ಸದ್ದು ಮಾಡದೆ ಬರುತ್ತದೆ ಎಂದು ಒಬ್ಬರು ತಿದ್ದಿದರು. ಕಾಲೇಜಿನ ಹುಡುಗರು ನನ್ನ ಮುಖ ನೋಡಿದರು, ಚರ್ಚೆ ಯಾವಾಗ ಎಂಬಂತೆ. ನಾನು ಸುಮ್ಮನೆ ಚಾ ತರಿಸಿದೆ.

ಮಾತು ತಾನಾಗಿಯೇ ಸಿನಿಮಾಕ್ಕೆ ಮರಳಿತು, ಅದೂ ಅಜ್ಜಿಯ ಬಾಯಿಂದ. ಕೊನೆಯಲ್ಲಿ ಮಳೆ ನಿಂತು ಮನೆ ಉಳಿದಿದೆ. ನಾಗಿ ಅಷ್ಟೆಲ್ಲ ಹೆಣಗಿದ್ದಾಳೆ, ಗಂಡ ಗಣಪ ಮಾತ್ರ ಎಲ್ಲ ದೇವರ ದಯೆ ಎನ್ನುತ್ತಾನೆ. "ಅದೊಂದು ಸರಿಯಾಗಿ ತೆಗದಿದಾರೆ" ಎಂದರು ಅಜ್ಜಿ. "ಸಾಮಾನು ಕಟ್ಟಿದ್ದು ನಾವು, ದನ ಹೊಡಕೊಂಡು ಗುಡ್ಡ ಹತ್ತಿದ್ದು ನಾವು. ಪರಿಹಾರ ಬಂದಿದ್ದು ಇವರ ಹೆಸರಿಗೆ." ಇವರು ಎಂದರೆ ಅವರ ಯಜಮಾನರು, ತೀರಿಕೊಂಡು ಬಹಳ ವರ್ಷವಾಗಿದೆ. ಕಾದಂಬರಿಯ ಕೊನೆಯೇ ಬೇರೆ, ಸಿನಿಮಾದಲ್ಲಿ ಯಾಕೆ ಬದಲಿಸಿದರು ಎಂದು ನಾವು ಓದಿದವರು ಹಿಂದೆ ವಾದಿಸಿದ್ದುಂಟು. ಅಜ್ಜಿಯ ಮಾತಿನ ಮೇಲೆ ನಾನಂತೂ ಸಿನಿಮಾದ ಪಕ್ಷಕ್ಕೆ ವಾಲಿದ್ದೇನೆ.

8. ಮಾತಾಡದವರಿಗೆ ಚೀಟಿ ಕೊಡಿ

ದೊಡ್ಡ ಗಂಟಲಿನ ನಾಲ್ಕು ಜನ ಇಡೀ ಸಂಜೆಯನ್ನು ನುಂಗಬಲ್ಲರು, ಅವರಲ್ಲಿ ಮೂವರು ಗಂಡಸರಾಗಿರುತ್ತಾರೆ. ದೀಪ ಹಾಕಿದ ಕೂಡಲೇ ಎಲ್ಲರಿಗೂ ಚೀಟಿ, ಪೆನ್ನು ಹಂಚುತ್ತೇವೆ. ಸ್ಟೇಷನರಿ ಅಂಗಡಿಯಾದ್ದರಿಂದ ಖರ್ಚಿಲ್ಲ. ಹೆಸರು ಬರೆಯಬೇಕಿಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಬಂದ 'ಶರಪಂಜರ' ನೋಡಿದ ದಿನ ಕಲ್ಪನಾ ನಟನೆಯ ಬಗ್ಗೆ ಗಟ್ಟಿ ದನಿಯವರೆಲ್ಲ ಹೊಗಳಿ ಮುಗಿಸಿದ್ದರು. ಚೀಟಿಯೊಂದರಲ್ಲಿ ಹೀಗಿತ್ತು: ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಅವಳನ್ನು ನೋಡುತ್ತಲೇ ಇರುತ್ತಾರೆ, ಬಾಣಂತನ ಆದ ಮೇಲೆ ನನ್ನನ್ನೂ ಹಾಗೇ ನೋಡುತ್ತಿದ್ದರು. ಬರೆದವರು ಯಾರೆಂದು ಯಾರೂ ಕೇಳಲಿಲ್ಲ. ಆಮೇಲಿನ ಮಾತೆಲ್ಲ ಆ ಮನೆಯವರ ಕಣ್ಣುಗಳ ಮೇಲೆ ನಡೆಯಿತು. ಪುಟ್ಟಣ್ಣ ಯಾರ ಮುಖವನ್ನು ಯಾವಾಗ ಹತ್ತಿರದಿಂದ ತೋರಿಸುತ್ತಾರೆ ಎಂದು ಹುಡುಗರು ಮತ್ತೆ ಮತ್ತೆ ಹಾಕಿ ನೋಡಿದರು.

9. ಕೊನೆ ಬಸ್ಸಿಗೆ ಮೊದಲು ಮುಗಿಸಿ

ಹಳ್ಳಿಯಿಂದ ಬಂದವರು ಗಡಿಯಾರ ನೋಡಲು ಶುರುಮಾಡಿದರೆ ಆಮೇಲೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಉದ್ದದ ಸಿನಿಮಾ ಇದ್ದರೆ ಮಧ್ಯಾಹ್ನವೇ ಶುರುಮಾಡಿ. ಏಳುವ ಮೊದಲು ಮುಂದಿನ ತಿಂಗಳದ್ದು ಯಾರದೆಂದು ಚೀಟಿ ಎತ್ತಿಬಿಡಿ. ಒಮ್ಮತಕ್ಕೆ ಕಾದರೆ ಮತ್ತೆ ಆ ಇಸ್ತ್ರಿ ಪಟ್ಟಿಯೇ ಬರುತ್ತದೆ. ಈ ಸಲ ಎದ್ದದ್ದು ಗ್ಯಾರೇಜಿನ ಹುಡುಗನ ಹೆಸರು. ಅವನು ತರುವುದು ಉಪೇಂದ್ರರ 'ಓಂ'. ಕನ್ನಡ ಮೇಷ್ಟ್ರು ಬರುವುದಿಲ್ಲ ಎಂದಿದ್ದಾರೆ. ನಿನ್ನೆ ಅಂಗಡಿಗೆ ಬಂದು ಎಷ್ಟು ಗಂಟೆಗೆ ಶುರು ಎಂದು ಕೇಳಿಕೊಂಡು ಹೋದರು.